ಚಿತ್ರವಿಲ್ಲದ ಸಾಕ್ಷಿ

ಕಾರಿಗೆ ರಸ್ತೆ ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ ಹಾಕಿಸಿದ ದಿನವೇ ಅದು ವಿಡಿಯೊ ಉಳಿಸುವ ಮಾದರಿಯನ್ನು ಎಚ್.265ಕ್ಕೆ ಬದಲಿಸಿದೆ. ಹಳೆಯ ಎಚ್.264ಕ್ಕಿಂತ ಕಡಿಮೆ ಜಾಗ ಸಾಕು, ಮೆಮೊರಿ ಕಾರ್ಡಿನಲ್ಲಿ ಹೆಚ್ಚು ದಿನದ ದೃಶ್ಯ ಉಳಿಯುತ್ತದೆ ಎಂದು ಹೆಂಡತಿಗೆ ಪಾಠವನ್ನೂ ಮಾಡಿದೆ.

ವಾರ ಕಳೆಯುವುದರೊಳಗೆ, ಹೆಂಡತಿಯೊಡನೆ ಹೊರಟಿದ್ದಾಗ, ಚಿಂತಾಮಣಿ ಮಾರುಕಟ್ಟೆಯ ಬಳಿ ಟೊಮೆಟೊ ತುಂಬಿದ ಟೆಂಪೊಗೂ ನಮ್ಮ ಕಾರಿಗೂ ಡಿಕ್ಕಿಯಾಯಿತು. ತಪ್ಪು ಟೆಂಪೊದವನದೇ ಎಂದು ನನಗೆ ಖಾತ್ರಿಯಿತ್ತು.

"ನೀವೇ ಬಂದು ಗುದ್ದಿದ್ದು ಸಾರ್," ಎಂದ ಅವನು.

"ಕ್ಯಾಮೆರಾ ಐತೆ, ನೋಡಣ ಬಾ," ಎಂದು ಪಕ್ಕದ ಜೆರಾಕ್ಸ್ ಅಂಗಡಿಗೆ ಕರೆದೊಯ್ದೆ.

ಅಂಗಡಿಯಾಕೆ ಕಾರ್ಡನ್ನು ತಮ್ಮ ಹಳೆಯ ಕಂಪ್ಯೂಟರಿಗೆ ಹಾಕಿದರು. ಅದಕ್ಕೆ ಎಚ್.265 ಓದಲು ಬರುತ್ತಿರಲಿಲ್ಲ. ಪರದೆ ಪೂರ್ತಿ ಕಪ್ಪು, ಧ್ವನಿ ಮಾತ್ರ ಸ್ಪಷ್ಟ. ಅದು ನನ್ನ ಹೆಂಡತಿಯದು: "ರಸ್ತೆ ನೋಡ್ರೀ, ಹಲಸಿನ ಹಣ್ಣು ಆಮೇಲೆ ನೋಡಿದ್ರಾಯ್ತು. ಮುಂದೆ ಟೆಂಪೊ ನಿಂತೈತೆ, ಬ್ರೇಕ್ ಹಾಕ್ರೀ." ಹಿಂದೆಯೇ ಢಬ್ ಎಂಬ ಸದ್ದು.

"ಚಿತ್ರ ಬರ್ತಿಲ್ಲ ಸಾರ್," ಎಂದರು ಅಂಗಡಿಯಾಕೆ.

"ಯಾಕ್ ಬೇಕಮ್ಮ, ಎಲ್ಲಾ ಕಂಡಂಗಾಯ್ತು," ಎಂದ ಟೆಂಪೊದವನು.

ಕ್ಷಮೆ ಕೇಳಿದೆ. ಅವನು ನಗುತ್ತಾ ನನ್ನ ಹೆಂಡತಿಗೆ ಒಂದಷ್ಟು ಟೊಮೆಟೊ ಕೊಟ್ಟು ಹೋದ. ನಾನು ಅಲ್ಲೇ ಕಾರಿನಲ್ಲಿ ಕುಳಿತು ಕ್ಯಾಮೆರಾವನ್ನು ಎಚ್.264ಕ್ಕೆ ಬದಲಿಸಿದೆ.

"ಇದು ಎಲ್ಲಾ ಕಂಪ್ಯೂಟರಲ್ಲೂ ಓಡತ್ತೆ," ಎಂದೆ.

"ಓಡ್ಲಿ. ಧ್ವನಿ ಮಾತ್ರ ಆಫ್ ಮಾಡ್ಬೇಡಿ," ಎಂದಳು ಹೆಂಡತಿ.