ಅತ್ತೆಗೆ ಓದಿ ಹೇಳಿದ ಕಾಗದ

ನಮ್ಮತ್ತೆಯ ಎಡಗಿವಿಯ ಹಾಲೆ ಅರ್ಧಕ್ಕೆ ಹರಿದು ಎರಡು ಸಣ್ಣ ಎಸಳುಗಳಂತೆ ಜೋತಾಡುತ್ತಿತ್ತು. ಹರಿದ ಜಾಗದ ಮೇಲೆ ಹೊಸದಾಗಿ ಚುಚ್ಚಿಸಿಕೊಂಡು ಬೆಂಡೋಲೆ ಹಾಕಿದ್ದಳು. ಅದು ಹೇಗೆ ಹರಿಯಿತೆಂದು ಮೂರು ಬೇರೆ ಬೇರೆ ಕತೆ ಹೇಳಿದ್ದಳು: ಒಂದರಲ್ಲಿ ಹಾರ್ಬರ್ ಲೈನಿನ ಲೋಕಲ್ಲಿನ ನೂಕುನುಗ್ಗಲು, ಇನ್ನೊಂದರಲ್ಲಿ ಒಂದನೇ ಇಯತ್ತೆಯ ತುಂಟ ಹುಡುಗಿ, ಮತ್ತೊಂದರಲ್ಲಿ ಊರಿನ ಕರು. ಎಡಗಿವಿ ಎಂದು ಈಗ ಬರೆದೆ. ನನ್ನ ಬಳಿ ಇರುವ ಒಂದೇ ಫೋಟೊದಲ್ಲಿ ಹರಿದಿರುವುದು ಬಲಗಿವಿ. ಫೋಟೊ ತಿರುಗಿ ಅಚ್ಚಾಗಿದೆಯೋ ನನ್ನ ನೆನಪು ತಿರುಗಿದೆಯೋ ಹೇಳಲಾರೆ. ನಾನು ಓದಿದ್ದು ಇತಿಹಾಸ. ಕಣ್ಣಾರೆ ಕಂಡೆ ಎನ್ನುವವನ ಮಾತನ್ನೇ ಮೊದಲು ಅನುಮಾನಿಸು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತು. ಆ ಪಾಠ ನನಗೆ ಬಹಳ ಅನುಕೂಲಕ್ಕೆ ಬಂತು. ಅದನ್ನೇ ಬರೆಯಬೇಕಾಗಿದೆ.

ಅತ್ತೆ ನಮ್ಮಪ್ಪನ ಅಕ್ಕ. ವಿಜಯಪುರದ ಕಡೆಯ ನಮ್ಮ ಊರಿನಿಂದ ಮದುವೆಯಾಗಿ ಮುಂಬಯಿಯ ವಡಾಲಕ್ಕೆ ಬಂದವಳು. ಗಂಡ ಹಡಗಿನ ಕೆಲಸಕ್ಕೆ ಹೋದವರು ಮರಳಲಿಲ್ಲ. ಯಾವುದೋ ಬಂದರಿನಲ್ಲಿ ಬೇರೆ ಸಂಸಾರ ಹೂಡಿದ್ದಾರೆಂದು ಸುದ್ದಿ ಮಾತ್ರ ಬಂತು. ಮಕ್ಕಳಿರಲಿಲ್ಲ. ಊರಿಗೆ ಬಂದುಬಿಡು ಎಂದು ಕರೆಯಲು ಬಂದವರಿಗೆ ಚಹಾ ಕುಡಿಸಿ ಕಳಿಸಿದಳಂತೆ. ಕುಂಕುಮ ಅಳಿಸಲಿಲ್ಲ, ಗಂಡನ ಮಾತೂ ಆಡಲಿಲ್ಲ. ನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಆಯಾ ಆಗಿ ಸೇರಿ, ಮಕ್ಕಳಿಲ್ಲವೆಂದು ಆ ಶಾಲೆ ಬಾಗಿಲು ಹಾಕುವ ತನಕ ಗಂಟೆ ಬಾರಿಸಿದಳು. ಮಳೆ ಜೋರಾಗುವ ಲಕ್ಷಣ ಕಂಡರೆ ಕಡೆಯ ಗಂಟೆಯನ್ನು ಹತ್ತು ನಿಮಿಷ ಮೊದಲೇ ಹೊಡೆಯುತ್ತಿದ್ದಳು. ಹೆಡ್ ಮಾಸ್ತರು ಗದರಿದರೆ, "ಗಡಿಯಾರಕ್ಕ ಲೋಕಲ್ ಹಿಡಿಯೂದಿರಂಗಿಲ್ಲರೀ ಸರ, ಹುಡುಗೂರಿಗೆ ಇರತೈತಿ" ಎನ್ನುತ್ತಿದ್ದಳು.

ಅಷ್ಟು ವರ್ಷ ಶಾಲೆಯಲ್ಲಿದ್ದರೂ ಅವಳಿಗೆ ಓದು ಪೂರ್ತಿ ಹತ್ತಲಿಲ್ಲ. ಕರಿಹಲಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು, ತನ್ನ ಹೆಸರು ಬರೆಯುತ್ತಿದ್ದಳು. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. ನಾನು ಕಾಲೇಜಿಗೆಂದು ಮುಂಬಯಿಗೆ ಬಂದು ಅವಳ ಚಾಳಿನ ಖೋಲಿಯಲ್ಲಿ ಐದು ವರ್ಷ ಉಂಡು ಮಲಗಿದೆ. ಅದಕ್ಕೆ ಪ್ರತಿಯಾಗಿ ಅವಳು ಕೇಳಿದ್ದು ಒಂದೇ: ಸಂಜೆ ತಾನು ಅಕ್ಕಿ ಆರಿಸುವಾಗ ಏನಾದರೂ ಗಟ್ಟಿಯಾಗಿ ಓದಬೇಕು. ಲೈಬ್ರರಿಯಿಂದ ತಂದ ಕಾದಂಬರಿಗಳನ್ನು ಓದುತ್ತಿದ್ದೆ. ಒಂದರಲ್ಲಿ ನಾಯಕಿ ಮೂರು ಪುಟ ಅತ್ತಾಗ ಅತ್ತೆ ಮೊರ ಕೆಳಗಿಟ್ಟಳು.

"ಎದ್ದು ಬಾಗಲಾ ತಗದು ಹೋಗಬಾರದೇನು ಆಕಿ? ಹೊರಗಿಂದ ಕೀಲಿ ಹಾಕ್ಯಾರೇನು?"

ನನಗೆ ಬೇಸರ ಬಂದು ನಡುವೆ ಒಂದೆರಡು ಪುಟ ಬಿಟ್ಟರೆ ಕೂಡಲೇ ಹಿಡಿಯುತ್ತಿದ್ದಳು. "ಏ ಪಂಡಿತಾ, ಹಾರಿಸಿದಿ. ಈಗ ಆಸ್ಪತ್ರ್ಯಾಗ ಮಲಗಿದ್ದ, ಮದುವಿ ಮಂಟಪಕ್ಕ ಹೆಂಗ ಬಂದ?"

ಹಲಗೆ ಗೋಡೆಯ ಆಚೆ ನಮ್ಮ ಜಿಲ್ಲೆಯವರೇ ಆದ ಟೇಲರ್ ಚಾಚಾ ಮಿಷನ್ ನಿಲ್ಲಿಸಿ ಕೂಗುತ್ತಿದ್ದರು: "ಅರೆ ಅಕ್ಕಾ, ಶಾದಿ ತೊ ಹೋಗಯೀ ನಾ? ಬಿಡ್ರಿ ಪಾಪ, ಅವಂದೂ ಪರೀಕ್ಷಾ ಐತಿ."

"ನಿಮಗ ಗೊತ್ತಾಗಂಗಿಲ್ಲ ಚಾಚಾ. ಇವ ಓದಲಿಲ್ಲಂದ್ರ ನನಗ ಯಾರು ಓದತಾರ?"

ಅಜ್ಜಿ ತೀರಿಕೊಂಡ ಮರುವರ್ಷದ ಪಂಚಮಿ. ಹಬ್ಬಕ್ಕೆ ಹೆಣ್ಣುಮಗಳು ತವರಿಗೆ ಹೋಗಬೇಕು. ಅತ್ತೆಗೆ ರಜೆ ಇರಲಿಲ್ಲ, ಹಾಗಾಗಿ ಅಪ್ಪ ಮತ್ತು ನನ್ನ ತಾಯಿ ಶೇಂಗಾ ಉಂಡಿ, ಇಳಕಲ್ಲ ಸೀರೆ ಹೊತ್ತು ವಡಾಲಕ್ಕೆ ಬಂದರು. ತಾಯಿ ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು: ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಬಸದ ಖಣ. ಉಡಿ ತುಂಬಿಸಿಕೊಂಡವಳು ಅದನ್ನು ದೇವರ ಮುಂದೆ ಇಳಿಸುವ ತನಕ ಸೆರಗಿನ ತುದಿ ಬಿಡಬಾರದು, ಒಂದು ಕಾಳು ನೆಲಕ್ಕೆ ಬಿದ್ದರೂ ತವರಿಗೆ ಒಳಿತಲ್ಲ ಎಂದು ನಮ್ಮ ಮನೆಯಲ್ಲಿ ನಂಬಿಕೆ. ಅವಳ ಎರಡೂ ಕೈ ಸೆರಗಿನಲ್ಲಿದ್ದಾಗ ಅಪ್ಪ ಚೀಲದಿಂದ ಒಂದು ಕಾಗದ ತೆಗೆದ.

"ಅಕ್ಕಾ, ಅವ್ವ ಹೋದ ಮ್ಯಾಲೆ ಉತಾರದಾಗ ಹೆಸರು ಏರಸಬೇಕಲ್ಲ. ತಲಾಟಿ ನಿಂದೊಂದು ಸಹಿ ಕೇಳ್ಯಾನ."

ಉತಾರ ಎಂದರೆ ಹೊಲ ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರಕಾರಿ ಕಾಗದ; ತಲಾಟಿ ಎಂದರೆ ಅದನ್ನು ನೋಡಿಕೊಳ್ಳುವ ಗ್ರಾಮ ಲೆಕ್ಕಿಗ. ಆ ನಾಲ್ಕು ಎಕರೆ ಅಜ್ಜಿಗೆ ಅವಳ ತವರಿನಿಂದ ಬಂದದ್ದು. ಅಜ್ಜಿ ಗಂಡನ ಹೊಲಕ್ಕಿಂತ ಹೆಚ್ಚಾಗಿ ಅದನ್ನು ಜೋಪಾನ ಮಾಡಿದ್ದಳು, ಮಗಳನ್ನು ಬಗಲಲ್ಲಿ ಕಟ್ಟಿಕೊಂಡು ಅಲ್ಲಿ ಕಳೆ ಕಿತ್ತಿದ್ದಳು. ಅವಳ ನಂತರ ಅದು ಅಕ್ಕ ತಮ್ಮ ಇಬ್ಬರಿಗೂ ಸೇರಬೇಕು.

"ನನ್ನ ಕೈ ಖಾಲಿ ಇಲ್ಲ. ಅಳಿಯಾ, ನೀನ ಓದಿ ಹೇಳು" ಎಂದಳು ಅತ್ತೆ.

ಕಾಗದ ಎರಡು ಪುಟ. ನಾನು ಓದಿದೆ. ಸರ್ವೆ ನಂಬರು, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ. ಹೊರಗೆ ಮಳೆ ಹೊಯ್ಯುತ್ತಿತ್ತು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಗೆಳೆಯರು ನನಗಾಗಿ ಕಾಯುತ್ತಿದ್ದರು. "ಉಳಿದಿದ್ದು ಕಾನೂನಿನ ಮಾತು, ಸಾಕು" ಎಂದು ಅಪ್ಪ ಅಂದನೋ, ಅನ್ನಲಿ ಎಂದು ನಾನೇ ಕಾಯುತ್ತಿದ್ದೆನೋ. ಅತ್ತೆ ಉಡಿಯನ್ನು ದೇವರ ಮುಂದೆ ಇಳಿಸಿ, ಕೈ ಒರೆಸಿಕೊಂಡು, ನಾಲಗೆಯ ತುದಿ ಕಚ್ಚಿ ಹೆಸರು ಬರೆದಳು. ಸಾಕ್ಷಿ ಎಂದಿದ್ದ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಕತೆಯಲ್ಲಿ ಪುಟ ಹಾರಿಸಿದರೆ ಹಿಡಿಯುತ್ತಿದ್ದವಳು ಅಂದು ಏನನ್ನೂ ಹಿಡಿಯಲಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಕಾಲೇಜಿನಲ್ಲಿ ಪಾಠ ಮಾಡಲು ಸೇರಿ ಘಾಟ್ಕೋಪರಿನಲ್ಲಿ ಮನೆ ಮಾಡಿದ್ದೆ. ಒಂದು ಮದುವೆಗೆಂದು ಊರಿಗೆ ಹೋದ ಅತ್ತೆ, ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆಗೆ ಉತಾರ ತೆಗೆಸಿದಳು. ಬಿಡಿ ಅಕ್ಷರ ಓದಲು ಬರುತ್ತಿತ್ತಲ್ಲ. ಅಪ್ಪನ ಹೆಸರೊಂದೇ ಇತ್ತು. ತಿರುಗಿ ಬಂದವಳು ನೇರವಾಗಿ ನನ್ನ ಮನೆಗೇ ಬಂದಳು.

"ಆ ದಿವಸ ನೀ ನನಗ ಏನು ಓದಿದ್ಯೋ?"

ಅಪ್ಪನಿಗೆ ಫೋನು ಮಾಡಿದೆ. ಕಾಗದದ ಎರಡನೆಯ ಪುಟದಲ್ಲಿ ಅವಳು ತನ್ನ ಪಾಲಿನ ಹಕ್ಕನ್ನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದಾಳೆ ಎಂದಿತ್ತು. ಅಪ್ಪ ಅದನ್ನು ಮುಚ್ಚಿಡಲೂ ಇಲ್ಲ. "ಆಕಿಗೆ ಮಕ್ಕಳಿಲ್ಲ. ಕಡೀಕ ನಿನಗ ಬರೂದು. ನಾ ಮಾಡಿದ್ದು ಯಾರ ಸಲುವಾಗಿ?"

"ನನ್ನ ಕೈಲೆ ಯಾಕ ಓದಿಸಿದಿ?"

"ನಾ ಓದಿದ್ರ ಆಕಿ ಸಹಿ ಮಾಡತಿದ್ಲೇನು?"

ಆ ಮಾತು ಅವನು ಆಡಿದ್ದು ಹೀಗೆಯೇ. ಇದರಲ್ಲಿ ನನಗೆ ಅನುಮಾನವಿಲ್ಲ. ಅಕ್ಕನ ಎದುರು ಮಗನನ್ನು ಇಟ್ಟು ಮರೆಯಲ್ಲಿ ಕೂತಿದ್ದ. ನನ್ನ ದನಿಯನ್ನು ಹಾಗೆ ಬಳಸಿಕೊಂಡವನನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಅವನ ಎದುರು ನಿಂತು ಹಾಗೆ ಹೇಳಿಯೂ ಇಲ್ಲ.

ಕಡೆಗೆ ನನಗೇ ಬರುವುದಾದರೆ ಯಾಕೆ ಹಟ ಎಂದು ಅತ್ತೆಯನ್ನೇ ಕೇಳಿದೆ. ಎಂಥ ಪ್ರಶ್ನೆ. "ಕಡೀಕ ಯಾರಿಗರೆ ಹೋಗಲಿ. ನಾ ಇರೂತನಕ ನಮ್ಮವ್ವನ ಹೊಲದಾಗ ನನ್ನ ಹೆಸರಿರಬೇಕು. ಗಂಡ ಬಿಟ್ಟ, ಸಾಲಿ ಮುಚ್ಚಿತು. ನಂದು ಅಂತ ಬರದದ್ದು ಎಲ್ಲೈತಿ ತೋರಸು" ಎಂದಳು.

ತಾಲೂಕಿನ ಕೋರ್ಟಿನಲ್ಲಿ ದಾವೆ ಹೂಡಿದಳು. ಇಂಗ್ಲಿಷರ ಕಾಲದ ಕಲ್ಲು ಕಟ್ಟಡ. ಎತ್ತರದ ಚಾವಣಿಯಿಂದ ಉದ್ದ ಕಂಬಿಯಲ್ಲಿ ಇಳಿಬಿದ್ದ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು. ತಾರೀಖಿನ ಮೇಲೆ ತಾರೀಖು ಬಿದ್ದು ವರ್ಷಗಳು ಸರಿದವು. ಕಾಗದಕ್ಕೆ ಸಾಕ್ಷಿ ಹಾಕಿದವನು ನಾನಾದ್ದರಿಂದ ಅಪ್ಪನ ಕಡೆಯವರು ನನ್ನನ್ನು ಕರೆಸಿದರು. ವಾದಿ ಮತ್ತು ಎದುರು ಪಕ್ಷದ ಸಾಕ್ಷಿ ಮುಂಬಯಿಯಿಂದ ಒಂದೇ ರೈಲಿನಲ್ಲಿ ಹೊರಟೆವು. ಟಿಕೆಟ್ ತೆಗೆಸಿದವನು ನಾನು, ರೊಟ್ಟಿ ಕಟ್ಟಿದವಳು ಅವಳು. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದಾಗ ಅವಳ ವಕೀಲರು ಓಡಿ ಬಂದರು.

"ಅಮ್ಮಾರ, ಇವರು ಆ ಕಡೆ ಸಾಕ್ಷಿ! ಹಿಂಗ ಕೂಡಿ ಉಂಡ್ರ ನೋಡಿದವರು ಏನಂದಾರು?"

"ಸಾಕ್ಷಿ ಹೇಳೂದು ಬಾಯಿರೀ, ಹೊಟ್ಟಿ ಅಲ್ಲ. ಉಣ್ಣಲಿ ಬಿಡ್ರಿ" ಎಂದು ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಶೇಂಗಾ ಚಟ್ನಿ ಹಾಕಿದಳು. ನಾನು ಏನು ಹೇಳುತ್ತೇನೆಂದು ಒಮ್ಮೆಯೂ ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೆ ಕಂಡಿರಲಾರದು.

ಪಾಟೀಸವಾಲಿನಲ್ಲಿ ಅದೇ ವಕೀಲರು ಎದ್ದು ನಿಂತು, ಕಾಗದ ನನ್ನ ಕೈಗೆ ಕೊಟ್ಟು ಕೇಳಿದರು: "ಎರಡನೇ ಪುಟದಾಗ ಹಕ್ಕು ಬಿಟ್ಟುಕೊಡುವ ಮಾತೈತಲ್ಲ, ಅದನ್ನ ವಾದಿಗೆ ಓದಿ ಹೇಳಿದ್ರೋ ಇಲ್ಲೋ?"

"ನೆನಪಿಲ್ಲ" ಎಂದೆ.

"ಪ್ರೊಫೆಸರ್ ಇದ್ದೀರಿ. ನೆನಪಿಲ್ಲಾ?"

"ಬಹಳ ವರ್ಷದ ಮಾತು. ಖಚಿತವಾಗಿ ಹೇಳಲಾರೆ."

ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿ ಬರೆಸಿದರು: "ಸದರಿ ಭಾಗವನ್ನು ಓದಿ ಹೇಳಿದ ಬಗ್ಗೆ ನನಗೆ ನೆನಪಿರುವುದಿಲ್ಲ." ಕಟಕಟೆಯಿಂದ ಇಳಿಯುವಾಗ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಅಪ್ಪನ ಪರವಾಗಿ ಸುಳ್ಳು ಹೇಳಲಿಲ್ಲ, ಅತ್ತೆಯ ಪರವಾಗಿಯೂ ಹೇಳಲಿಲ್ಲ. ನೆನಪು ನಂಬಲರ್ಹವಲ್ಲ ಎಂದು ತರಗತಿಯಲ್ಲಿ ಹೇಳುವುದನ್ನೇ ಕೋರ್ಟಿನಲ್ಲೂ ಹೇಳಿದೆ ಎಂದುಕೊಂಡೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅತ್ತೆ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನನ್ನ ಕಡೆ ತಿರುಗದೆ ಹೇಳಿದಳು.

"ಓದೀನಿ ಅಂದಿದ್ರ ಅಪ್ಪನ ಮಗ ಅಂತಿದ್ನಿ. ಓದಿಲ್ಲ ಅಂದಿದ್ರ ನನ್ನ ಅಳಿಯ ಅಂತಿದ್ನಿ. ನೆನಪಿಲ್ಲ ಅಂದಿ. ಈಗ ನಿನಗ ಏನನ್ನಲಿ?"

ತೀರ್ಪು ಅವಳ ವಿರುದ್ಧ ಬಂತು. ಸಹಿ ಅವಳದೇ, ಓದಿ ಹೇಳಲಿಲ್ಲ ಎನ್ನಲು ಅವಳ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ ಎಂದು ಬರೆದಿತ್ತು. ಅಪೀಲು ಹೋಗೋಣ ಎಂದರು ವಕೀಲರು. "ಅಲ್ಲೂ ಸಾಕ್ಷಿ ಇವನ ಅಲ್ಲೇನ್ರೀ?" ಎಂದು ಕೇಳಿ, ಫೈಲಿನ ದಾರ ಕಟ್ಟಿ ಅವರ ಮೇಜಿನ ಮೇಲೇ ಬಿಟ್ಟು ಬಂದಳು.

ಅತ್ತೆ ನನ್ನ ಜೊತೆ ಮಾತು ಬಿಡಲಿಲ್ಲ. ಅದೇ ಕಷ್ಟವಾದದ್ದು. ಭಾನುವಾರ ಹೋದರೆ ಬಿಸಿ ರೊಟ್ಟಿ, ಎಣಗಾಯಿ; ನನ್ನ ಹೆಂಡತಿಗೆಂದು ಬೇರೆ ಡಬ್ಬಿ. ಆದರೆ ಓದಲು ಏನನ್ನೂ ಕೊಡುತ್ತಿರಲಿಲ್ಲ. ಸಂಜೆ ಅಕ್ಕಿ ಆರಿಸುವಾಗ ನಾನು ಪುಸ್ತಕಕ್ಕೆ ಕೈಹಾಕಿದರೆ, "ಬ್ಯಾಡ ಬಿಡು, ದಣದಿರತಿ" ಎನ್ನುತ್ತಿದ್ದಳು. ಒಂದು ಸಲ ಕನ್ನಡ ಸಂಘದಿಂದ ಕನ್ನಡದ ಆಮಂತ್ರಣ ಪತ್ರಿಕೆ ಬಂದಿತ್ತು. ಎದುರಿಗೆ ಕೂತಿದ್ದ ನನ್ನನ್ನು ದಾಟಿ ಹೋಗಿ, ಹಲಗೆ ಗೋಡೆ ತಟ್ಟಿದಳು. ಎಂಬತ್ತು ದಾಟಿದ ಚಾಚಾ ಕನ್ನಡಕ ಏರಿಸಿಕೊಂಡು ಬಂದು, ಒಂದೊಂದೇ ಅಕ್ಷರ ಕೂಡಿಸಿ, ತಪ್ಪಿ, ಮತ್ತೆ ಮೊದಲಿಂದ ಹಿಡಿದು, ಕಾಲು ಗಂಟೆ ಓದಿದರು. "ತುಮ್ಹಾರಾ ಪ್ರೊಫೆಸರ್ ಇಲ್ಲೇ ಕುಂತಾನಲ್ಲ ಅಕ್ಕಾ?" ಎಂದು ನಕ್ಕರು. ಅತ್ತೆ, "ನೀವು ಓದ್ರಿ ಚಾಚಾ, ನೀವು ಬಿಡಂಗಿಲ್ಲ" ಎಂದಳು.

ಕಡೆಯ ಸಲ ಅವಳನ್ನು ಆಸ್ಪತ್ರೆಗೆ ಸೇರಿಸಿದವನು ನಾನೇ. ಆಪರೇಷನ್ನಿಗೆ ಮೊದಲು ಒಪ್ಪಿಗೆಯ ಫಾರ್ಮು ಬಂತು, ಮರಾಠಿಯಲ್ಲಿತ್ತು. ನರ್ಸ್ ಅದನ್ನು ನನ್ನ ಕೈಗೆ ಕೊಟ್ಟಳು. ಅತ್ತೆ ಸಲೈನ್ ಚುಚ್ಚಿದ್ದ ಕೈಯನ್ನೇ ಚಾಚಿ ನನ್ನ ಬೆರಳುಗಳ ನಡುವಿನಿಂದ ಅದನ್ನು ಮೆಲ್ಲಗೆ ಎಳೆದುಕೊಂಡು ನರ್ಸ್‌ಗೆ ತಿರುಗಿ ಕೊಟ್ಟಳು. "ತುಮ್ಹೀ ವಾಚಾ ಬಾಯಿ. ಪೂರ್ಣ ವಾಚಾ." ನರ್ಸ್ ಪೂರ್ತಿ ಓದಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿ, ನಿಧಾನವಾಗಿ ಹೆಸರು ಬರೆದಳು. ಮೂರನೆಯ ದಿನ ತೀರಿಕೊಂಡಳು.

ಮರುವರ್ಷ ಅಪ್ಪನೂ ಹೋದ. ಈಗ ಉತಾರವನ್ನು ಮೊಬೈಲಿನಲ್ಲೇ ನೋಡಬಹುದು. ಘಾಟ್ಕೋಪರಿನ ಮೆಟ್ರೊ ಸ್ಟೇಷನ್ನಿನಲ್ಲಿ ನಿಂತು ಕೆಲವೊಮ್ಮೆ ತೆಗೆದು ನೋಡುತ್ತೇನೆ. ನಾಲ್ಕು ಎಕರೆಗೂ ನನ್ನ ಹೆಸರೊಂದೇ ಇದೆ. ತೀರಿಹೋದವಳ ಹೆಸರನ್ನು ಸೇರಿಸುವ ದಾರಿ ಯಾವ ಕಚೇರಿಯಲ್ಲೂ ಇಲ್ಲ, ಕೇಳಿ ನೋಡಿದ್ದೇನೆ.

ಈ ಬರಹದಲ್ಲಿ ಎಷ್ಟೋ ತಪ್ಪಿರಬಹುದು. ಅಂದು ಮಳೆ ಇತ್ತೋ ಇಲ್ಲವೋ, ಸೀರೆ ಯಾವುದೋ, ಎಂಥದೋ. ಆದರೆ ವಕೀಲರು ಪ್ರಶ್ನೆ ಮುಗಿಸಿದಾಗ ನಾನು ಮೊದಲು ನೋಡಿದ್ದು ಅಪ್ಪನ ಮುಖವನ್ನು. ಕೈಯಲ್ಲಿದ್ದ ಕಾಗದದ ಎರಡನೆಯ ಪುಟದ ಮೂಲೆಯಲ್ಲಿ, ಅಂದು ಓದದೆಯೇ ನಾನು ಹೆಬ್ಬೆರಳಿನಿಂದ ಒತ್ತಿ ಮಡಚಿಬಿಟ್ಟಿದ್ದ ಗೆರೆ ಹಾಗೆಯೇ ಇತ್ತು. ಅದನ್ನು ಕಂಡೆ, ಗುರುತಿಸಿದೆ, ಆಮೇಲೆ ಬಾಯಿ ತೆರೆದೆ. ಅನುಮಾನ, ಮಸುಕು ಇವೆಲ್ಲ ಬಂದದ್ದು ನಂತರ, ನಾನು ಕರೆದದ್ದಕ್ಕೆ. ಕಟಕಟೆಯಲ್ಲಿ ನಿಂತಿದ್ದಾಗ ನನಗೆ ನೆನಪಿತ್ತು.