ಎಂಟರ ಬಸ್ಸಿನ ಪೆಟ್ಟಿಗೆ

ಹೊಸನಗರದ ಲ್ಯಾಬಿನವರು ಕರೆದರೂ ಹೋಗದೆ, ನಿಷ್ಠೆಯಿಂದ ಉಳಿದವಳು ನಾನು — ಸಾಗರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಹೇಳುವ ಕಥೆ ಇದು. ಸುಮಿತ್ರಕ್ಕ, ನೀವೂ ಹೇಳುತ್ತೀರಿ. ಎಷ್ಟು ಸಡಿಲ ವಾದ! ನಿಷ್ಠೆಯಿದ್ದವಳು ರಾಜೀನಾಮೆ ಬರೆದದ್ದಾದರೂ ಏಕೆ? ನಾನು ಉಳಿದದ್ದು ನಿಮ್ಮದೊಂದನ್ನು ಕದ್ದು.

ನಿಮ್ಮ ಮಗಳು ತೀರ್ಥಹಳ್ಳಿಯಲ್ಲಿ ಅಜ್ಜಿಯ ಹತ್ತಿರ, ನೀವು ಸಾಗರದ ಬಾಡಿಗೆ ಕೋಣೆಯಲ್ಲಿ. ತೀರ್ಥಹಳ್ಳಿಯಲ್ಲಿ ಶಾಖೆ ತೆರೆಯುವ ಸುದ್ದಿ ಬಂದಾಗ, ಅದನ್ನು ನಡೆಸುವ ಕೆಲಸ ನಿಮಗೇ ಕೊಡಿರೆಂದು ಲ್ಯಾಬಿನ ಮಾಲೀಕರಾದ ಸರ್ ಅವರನ್ನು ಕೇಳುವುದು ಹೇಗೆಂದು ನನ್ನ ಮುಂದೆ ಅಭ್ಯಾಸ ಮಾಡಿದಿರಿ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳಲ್ಲವೇ ನಾನು! ಆ ಅಭ್ಯಾಸಕ್ಕೆ ನಾನೇ ಸರ್ ಆದೆ.

“ಅಲ್ಲಿ ಮೆಷಿನ್ನೇ ಇಲ್ವಲ್ರೀ, ಹೆಂಗೆ ನಡೆಸ್ತೀರಿ?”

“ಬೆಳಿಗ್ಗೆ ಆರಕ್ಕೇ ಬಾಗ್ಲು ತೆಗೀತೀನಿ ಸರ್. ಖಾಲಿ ಹೊಟ್ಟೇಲಿ ಬಂದವರ ರಕ್ತ ತೆಗ್ದು, ಐಸ್ ಪೆಟ್ಟಿಗೇಲಿಟ್ಟು ಎಂಟರ ಬಸ್ಸಿಗೆ ಸಾಗರಕ್ಕೆ ಕಳಿಸ್ತೀನಿ. ಸಂಜೆಗೆ ರಿಪೋರ್ಟು ಮೊಬೈಲಿಗೆ. ಯಾರೂ ಕೆಲ್ಸ ಬಿಟ್ಟು ಇಲ್ಲೀತನಕ ಬರೋದೇ ಬೇಡ.”

ನಾನು ಸೋಲೊಪ್ಪಿ ಕೈ ಮುಗಿದೆ. “ಎಂತ ಮಾರಾಯ್ತಿ, ಕಪ್ ಗೆದ್ದವ್ಳು ಸೋತ್ಯಲ್ಲ!” ಎಂದು ನಕ್ಕಿರಿ.

ನೀವು ಸರ್ ಅವರ ಬಿಡುವಿಗಾಗಿ ಕಾಯುತ್ತಿದ್ದ ಆ ವಾರವೇ ಹೊಸನಗರದ ಕೆಲಸ ನನಗೆ ಸಿಕ್ಕಿತು. ರಾಜೀನಾಮೆ ಕೊಟ್ಟೆ. ಸರ್ ಓದಿ ಕನ್ನಡಕ ತೆಗೆದರು. “ಹೋಗ್ಬೇಡ. ಏನು ಕೊಟ್ರೆ ಇರ್ತೀಯ ಹೇಳು?”

ಸಂಬಳ ಎನ್ನಬಹುದಿತ್ತು. “ತೀರ್ಥಹಳ್ಳಿ ಶಾಖೆ” ಎಂದೆ. ಏಕೆ? ನನಗಿನ್ನೂ ಕುತೂಹಲ. ಆ ಊರಿನಲ್ಲಿ ನನ್ನವರು ಯಾರೂ ಇಲ್ಲ. ಸೋಲದ ವಾದವೊಂದು ಕೈಯಲ್ಲಿತ್ತು, ಬಳಸಿ ನೋಡೋಣವೆನಿಸಿತೋ — ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಕಡೆ ನಿಂತು ಗೆಲ್ಲುವುದನ್ನಷ್ಟೇ ಕಲಿತವಳು... ಇಲ್ಲ, ಇದೂ ಸಮರ್ಥನೆಯೇ. ಆರು ಗಂಟೆ, ಪೆಟ್ಟಿಗೆ, ಬಸ್ಸು — ಎಲ್ಲವನ್ನೂ ನಿಮ್ಮ ಮಾತಿನಲ್ಲೇ ಹೇಳಿದೆ.

“ಈ ಐಡಿಯಾ ನಿಂದಾ?”

“ಹೌದು ಸರ್.”

ಶಾಖೆ ನನಗೆ ಸಿಕ್ಕಿ, ನಾನು ತೀರ್ಥಹಳ್ಳಿಗೆ ಬಂದು ಎರಡು ವರ್ಷವಾಯಿತು. ದಿನವೂ ನಾನು ಇಲ್ಲಿ ಬಸ್ಸಿಗೆ ಹಾಕುವ ಪೆಟ್ಟಿಗೆಯನ್ನು ಸಾಗರದಲ್ಲಿ ಇಳಿಸಿಕೊಳ್ಳುವವರು ನೀವು. ಕಳೆದ ವಾರ ನಿಮ್ಮ ಮಗಳು ಅಜ್ಜಿಯ ಕೈ ಹಿಡಿದು ಬಂದಳು, ಮೂರು ದಿನದ ಜ್ವರ. ರಕ್ತ ತೆಗೆದೆ, ಅವಳು ಅಳಲಿಲ್ಲ. ಸೀಸೆಗೆ ಅವಳ ಹೆಸರು ಅಂಟಿಸಿ ಅದೇ ಪೆಟ್ಟಿಗೆಯಲ್ಲಿಟ್ಟೆ — ಮಗಳು ಇಲ್ಲಿ, ಅವಳ ರಕ್ತ ಮಾತ್ರ ತಾಯಿಯ ಕೈಗೆ.

ನಾಳೆ ಸರ್ ಅವರಿಗೆ ನಿಜ ಹೇಳುತ್ತೇನೆ. ನಿಮಗೆ ಮೊದಲು. ಆದರೆ ಸುಮಿತ್ರಕ್ಕ, ಮೊದಲ ಪೆಟ್ಟಿಗೆ ಸಾಗರದಲ್ಲಿ ಇಳಿದ ಬೆಳಿಗ್ಗೆಯೇ ನನ್ನ ಕಳ್ಳತನ ನಿಮಗೆ ತಿಳಿದಿರಬೇಕಲ್ಲ. ಹಾಗಿದ್ದೂ ನನ್ನ ನಿಷ್ಠೆಯ ಕಥೆಯನ್ನು ನೀವೇಕೆ ಹೇಳುತ್ತ ಬಂದಿರಿ?