ಅಮ್ಮನ ಬೆರಳಿಗೆ ಒಪ್ಪಿದ ಪರದೆ

ಗೆಳೆಯರೇ, ಇವತ್ತು ಇಲ್ಲಿ ಚೆನ್ನೈನ ಅಂಗಡಿಯೊಂದರಲ್ಲಿ ಪುಟ್ಟ ಟಚ್‌ಸ್ಕ್ರೀನ್ ನಮ್ಮಮ್ಮನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ!

ಅಮ್ಮನಿಗೆ ಎಪ್ಪತ್ತು ದಾಟಿದೆ. ಈಗಲೂ ಕ್ರೋಂಪೇಟೆಯ ಸಂದಿಗಳಲ್ಲಿ ಕಾರು ಓಡಿಸುತ್ತಾರೆ. ಅವರ ಹಳೆಯ ಕಾರಿಗೆ ನಾನೇ ಒಂದು ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಹಿಂದಿನ ಕ್ಯಾಮೆರಾ, ಮ್ಯಾಪು, ಹಾಡು ಎಲ್ಲ ಒಂದೇ ಕಡೆ ಸಿಗಲಿ ಅಂತ. ಅದಕ್ಕೆ ಪರದೆ ಆರಿಸಲು ಅವರೂ ಬಂದಿದ್ದರು.

ನನಗೆ ಥಳಥಳ ಹೊಳೆಯುವ ಹೊಸ ಮಾಡೆಲ್ ಹಿಡಿಸಿತು. ನಾನು ಮುಟ್ಟಿದರೆ ಮ್ಯಾಪು ತೆರೆಯಿತು. ಅಮ್ಮ ಮುಟ್ಟಿದರೆ ಏನೂ ಆಗಲಿಲ್ಲ.

"ಕೈಯ ತೊಡಚ್ಚಿಟ್ಟು ತೊಡುಂಗಮ್ಮಾ" ಎಂದು ಅಂಗಡಿಯವರು ತಮಿಳಿನಲ್ಲಿ ಕೈ ಒರೆಸಿ ಮುಟ್ಟಲು ಹೇಳಿದರು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮತ್ತೆ ಮುಟ್ಟಿದರು. ಊಹೂಂ.

"ನನ್ನ ಬೆರಳೇ ಒಣಗಿಹೋಗಿದೆ ಕಣೋ. ನಿಂಗೆ ಇಷ್ಟವಾದ್ದು ತಗೋ" ಎಂದು ಕೈ ಹಿಂದಕ್ಕೆಳೆದುಕೊಂಡರು.

"ಓಡ್ಸೋದು ನೀನಲ್ವೇನಮ್ಮಾ?" ಎಂದು ಮೂಲೆಯಲ್ಲಿದ್ದ ಮಂಕು ಪರದೆಯನ್ನು ತೆಗೆಸಿದೆ. ಅದು ಹಳೆಯದು, ಒತ್ತಿದರಷ್ಟೇ ಕೆಲಸ ಮಾಡುತ್ತದೆ, ಯಾರೂ ಕೇಳುವುದಿಲ್ಲ ಎಂದು ಅಂಗಡಿಯವರು ಮುಖ ಸಿಂಡರಿಸಿದರು. ಅಮ್ಮ ಉಗುರಿನಿಂದ ಒತ್ತಿದರು. ಮ್ಯಾಪು ತೆರೆದುಕೊಂಡಿತು.

"ಇದು ನನ್ನ ಮಾತು ಕೇಳತ್ತೆ ಕಣೋ!"

ಅಂಗಡಿಯವರೂ ನಕ್ಕುಬಿಟ್ಟರು.

ಆ ಹೊಳೆಯುವುದನ್ನೇ ಆನ್‌ಲೈನಿನಲ್ಲಿ ತರಿಸಿದ್ದರೆ, ತಪ್ಪು ತಮ್ಮದೇ ಅಂದುಕೊಂಡು ಅಮ್ಮ ಸುಮ್ಮನಾಗಿಬಿಡುತ್ತಿದ್ದರು. ಜೊತೆಗೆ ಬಂದು ನನ್ನನ್ನು ಉಳಿಸಿದರು. ಈಗ ಪರದೆಯನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಕಾರಿಗೆ ಯಾವಾಗ ಹಾಕುತ್ತೀಯ ಅಂತ ಕೇಳುತ್ತಿದ್ದಾರೆ. "ಭಾನುವಾರ" ಎಂದಿದ್ದೇನೆ. ಯಾವ ಭಾನುವಾರ ಎಂದು ಕೇಳದೆ ಬಿಟ್ಟಿದ್ದಕ್ಕೂ ಅಮ್ಮನಿಗೆ ನಾನು ಋಣಿ.